ಹೊಳೆ ದಾಟಬಾರದ ಮೂರು ದಿನ

ರಂಗಮ್ಮನ ಕೈಗುಣದ ಬಗ್ಗೆ ಜಾವಳಿ ಸುತ್ತಿನಲ್ಲಿ ಎರಡು ಮಾತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಾಗಿ ಅವಳ ಜಗುಲಿ ಹತ್ತಿದವರು ನೆಟ್ಟಗೆ ನಡೆದು ಇಳಿಯುತ್ತಾರೆ ಎಂದು ಜನ ಹೇಳುತ್ತಿದ್ದರು. ಮೂಡಿಗೆರೆಯ ಗುಳಿಗೆ ನುಂಗಿ ನುಂಗಿ ಬೇಸತ್ತವರೂ ಕೊನೆಗೆ ಬಂದು ಅವಳ ಚಾಪೆಯ ಮೇಲೆ ಅಂಗಾತ ಮಲಗುತ್ತಿದ್ದರು. ಮಾತನ್ನು ಹಿಗ್ಗಿಸಿ ಹೇಳುವುದು ನಮ್ಮ ಕಡೆಯವರ ಹುಟ್ಟುಗುಣ. ಆದರೂ ಬಂದವರಲ್ಲಿ ಮುಕ್ಕಾಲು ಜನಕ್ಕೆ ಗುಣವಾಗುತ್ತಿದ್ದುದು ಸುಳ್ಳಲ್ಲ. ಆಗದವರು ಪಥ್ಯ ಕೆಡಿಸಿಕೊಂಡವರು ಎಂದು ರಂಗಮ್ಮ ಸಲೀಸಾಗಿ ಹೇಳಿ ಕೈ ತೊಳೆದುಕೊಳ್ಳುತ್ತಿದ್ದಳು.

ಅವಳು ಮಾಡುತ್ತಿದ್ದುದು ಬಟ್ಟಿ ಕೂರಿಸುವ ಕೆಲಸ. ಹೊಕ್ಕುಳ ಮೇಲೆ ಬೆರಳು ಒತ್ತಿ ಹಿಡಿದರೆ ಒಳಗೆ ನಾಡಿಯಂತೆ ಒಂದು ಬಡಿತ ಸಿಗುತ್ತದಲ್ಲ, ಅದು ಬಟ್ಟಿ. ಭಾರ ಎತ್ತಿದರೆ, ಕಾಲು ಜಾರಿದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಆಗ ಹೊಟ್ಟೆನೋವು, ವಾಂತಿ, ಊಟ ಸೇರದು. ಹೊಕ್ಕುಳಿಂದ ಎದೆಯ ಎರಡೂ ಕಡೆಗೆ ದಾರ ಹಿಡಿದು ಅಳೆದರೆ ಯಾವ ಕಡೆ ಜಾರಿದೆ ಎಂದು ತಿಳಿಯುತ್ತದೆ. ಆಮೇಲೆ ಹರಳೆಣ್ಣೆ ಬಿಸಿ ಮಾಡಿ, ಹೆಬ್ಬೆರಳು ಒತ್ತಿ, ಉಸಿರು ಬಿಡಿಸಿ, ಅದನ್ನು ಹೊಕ್ಕುಳಿಗೆ ತಂದು ಕೂರಿಸುವುದು. ಕಳಸದ ಕಡೆಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ರಂಗಮ್ಮನಿಗೆ ಇದನ್ನು ಕಲಿಸಿದ್ದು ಅತ್ತೆ ದೇವೀರಮ್ಮ. ಅಡಿಗೆಯಲ್ಲಿ ಸೊಸೆಯ ಕೈಯನ್ನು ಒಂದು ದಿನವೂ ಮೆಚ್ಚದ ಆ ಹೆಂಗಸು, ಬಟ್ಟಿ ಕೂರಿಸುವುದರಲ್ಲಿ ಮಾತ್ರ, "ನಿನ್ ಕೈ ನನ್ ಕೈಗಿಂತ ಮೆತ್ತಗಿದೆ" ಎಂದಿದ್ದಳು. ಆ ಒಂದು ಮಾತನ್ನು ರಂಗಮ್ಮ ಮೂವತ್ತು ವರ್ಷ ಕೊರಳಿಗೆ ಹಾಕಿಕೊಂಡು ತಿರುಗಿದಳು.

ಈ ವಿದ್ಯೆ ಕೊಡುವಾಗ ದೇವೀರಮ್ಮ ಕಟ್ಟಳೆಯನ್ನೂ ಕೊಟ್ಟಿದ್ದಳು. ದುಡ್ಡು ಮುಟ್ಟಬಾರದು. ಬಟ್ಟಿ ಕೂರಿಸಿಕೊಂಡವರಿಗೆ ಎದ್ದ ಕೂಡಲೇ ತುಪ್ಪ ಬೆಲ್ಲ ತಿನ್ನಿಸಬೇಕು. ಅವರು ಮೂರು ದಿನ ಹೊಳೆ ದಾಟಬಾರದು. ಹೊಳೆ ಎಂದರೆ ಹೇಮಾವತಿ. ಜಾವಳಿಯಲ್ಲಿ ಹುಟ್ಟಿ ಅವರ ಊರಿಗೆ ಬರುವಾಗ ಅದಿನ್ನೂ ಸಣ್ಣ ಹೊಳೆ, ಆದರೆ ದೇವೀರಮ್ಮನ ಕಾಲದಲ್ಲಿ ಸೇತುವೆ ಇರಲಿಲ್ಲ. ಸೀರೆ ಎತ್ತಿ ಕಟ್ಟಿ, ಪಾಚಿಗಲ್ಲಿನ ಮೇಲೆ ಕಾಲಿಟ್ಟು, ಸೊಂಟದ ನೀರಿನಲ್ಲಿ ದಾಟಬೇಕಿತ್ತು. ಕಾಲು ಜಾರಿದರೆ ಬಟ್ಟಿಯೂ ಜಾರಿತು ಎಂದೇ ಲೆಕ್ಕ. ಮಾತಿನಲ್ಲಿ ನ್ಯಾಯ ಇತ್ತು. ರಂಗಮ್ಮನ ಮಗ ರಾಜೇಶ ಶಾಲೆಗೆ ಹೋಗುವ ಕಾಲಕ್ಕೆ ಸಿಮೆಂಟಿನ ಸೇತುವೆ ಬಂತು, ಅದರ ಮೇಲೆ ಜೀಪು ಬಂತು, ಬಸ್ಸು ಬಂತು. ಕಟ್ಟಳೆ ಮಾತ್ರ ಹಾಗೇ ಉಳಿಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಬೇಕು ಎಂದು ರಂಗಮ್ಮನಿಗೂ ಹೊಳೆಯಲಿಲ್ಲ.

ರಾಜೇಶನಿಗೆ ಹೆಣ್ಣು ನೋಡುವಾಗ ಕಳಸದ ಹತ್ತಿರದ ಧನ್ಯಾಳ ಮಾತು ಬಂತು. ಹುಡುಗಿ ಲಕ್ಷಣವಾಗಿದ್ದಳು, ಓದಿದ್ದಳು, ತೋಟದ ಕೆಲಸಕ್ಕೆ ಮೂಗು ಮುರಿಯುವವಳಲ್ಲ. ಆದರೆ ಅವಳ ತಾಯಿ ರಂಗಮ್ಮನನ್ನು ಹಿತ್ತಿಲಿಗೆ ಕರೆದು ಎಲ್ಲವನ್ನೂ ಬಿಚ್ಚಿ ಹೇಳಿದಳು. ಕಾಲೇಜಿಗೆ ಹೋಗುವಾಗ ಹುಡುಗಿಗೆ ಹೊಟ್ಟೆಯಲ್ಲಿ ನೀರುಗುಳ್ಳೆಯಾಗಿ, ಮಂಗಳೂರಿನಲ್ಲಿ ಆಪರೇಷನ್ ಮಾಡಿ ಎಡಗಡೆಯ ಅಂಡಾಶಯವನ್ನು ತೆಗೆದಿದ್ದಾರೆ. ಇನ್ನೊಂದು ಚೆನ್ನಾಗಿದೆ, ಮಕ್ಕಳಾಗುವುದಕ್ಕೆ ತೊಂದರೆ ಇಲ್ಲ ಎಂದಿದ್ದಾರೆ. ಈ ಮಾತು ಕೇಳಿದ ಮೇಲೆ ಮುಂಚೆ ಬಂದಿದ್ದ ಗಂಡಿನ ಕಡೆಯವರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋಗಿದ್ದರು.

"ಅಕ್ಕ, ಮನೆ ತುಂಬ ಮಕ್ಳಿದ್ರೂ ಬಾಗ್ಲು ಒಂದೇ ಇರೋದು. ಒಂದು ಸಾಕು ಬಿಡಿ" ಎಂದಳು ರಂಗಮ್ಮ.

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಉಳಿದಿರೋ ಬಲಗಡೆ ಯಾವತ್ತಾದ್ರೂ ಜೋರು ನೋವು ಬಂದ್ರೆ ಒಂದು ಗಳಿಗೆ ತಡ ಮಾಡ್ಬೇಡಿ ಅಂದಿದಾರೆ ಡಾಕ್ಟ್ರು. ಅದೊಂದು ನೆನಪಿಟ್ಕೊಳಿ."

"ಹೊಟ್ಟೆ ನೋಡೋ ಮನೆಗೇ ಕೊಡ್ತಿದೀರಲ್ಲ. ಎಂತಕ್ಕೆ ಯೋಚ್ನೆ?"

ಜಂಬದ ಮಾತಲ್ಲ ಅದು, ಧೈರ್ಯ ತುಂಬಲು ಆಡಿದ್ದು. ಬೇರೆಯವರು ಬೇಡವೆಂದ ಹುಡುಗಿಯನ್ನು ಅವಳು ಮನಸಾರೆ ತಂದುಕೊಂಡಳು. ಮೊದಲ ದಿನದಿಂದಲೇ "ಮಗಾ" ಎಂದು ಕರೆದಳು, ದೇವೀರಮ್ಮನ ಕೈಕೆಳಗೆ ತಾನು ಉಂಡದ್ದರಲ್ಲಿ ಒಂದು ತುತ್ತನ್ನೂ ಈ ಹುಡುಗಿಗೆ ಉಣಿಸಲಿಲ್ಲ. ಮದುವೆಯಾಗಿ ವರ್ಷ ಕಳೆದ ಮೇಲೆ ಅವಳಿಗಿದ್ದ ಆಸೆ ಒಂದೇ. ಈ ಹುಡುಗಿಯ ಮಡಿಲು ತುಂಬಬೇಕು, ಕಾಫಿ ಲೋಟ ಅರ್ಧಕ್ಕೇ ಇಟ್ಟು ಹೋದವರು ಅದನ್ನು ನೋಡಬೇಕು.

ಆ ವರ್ಷ ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಬರುವ ಲಕ್ಷಣ ಕಾಣಲಿಲ್ಲ. ರೋಬಸ್ಟಾ ಗಿಡದ ಗೆಣ್ಣು ಗೆಣ್ಣಿನಲ್ಲಿ ಮೊಗ್ಗು ಅಕ್ಕಿಕಾಳಿನಂತೆ ಕಚ್ಚಿಕೊಂಡು ನೀರಿಗೆ ಕಾದು ನಿಂತಿತ್ತು. ಕಾಯುವಷ್ಟು ದಿನ ಅದು ಕಾಯುತ್ತದೆ. ಆದರೆ ನೀರು ಬಿದ್ದರೆ ಸರಿಯಾಗಿ ಬೀಳಬೇಕು, ಬಿದ್ದ ಮೇಲೆ ಬ್ಯಾಕಿಂಗ್ ಎನ್ನುವ ಎರಡನೇ ಮಳೆ ಹಿಂದೆಯೇ ಬಂದು ಹೂವನ್ನು ಕಾಪಾಡಬೇಕು. ಅರೆಬರೆ ಬಿದ್ದರೆ ಕೆಟ್ಟಿತು. ಬರಗಾಲವನ್ನು ತಡೆದುಕೊಂಡ ಮೊಗ್ಗು ಆ ನೀರಿಗೆ ಎಚ್ಚೆತ್ತು, ಅರಳಲು ಹೊರಟು, ನಡುದಾರಿಯಲ್ಲೇ ಸುಟ್ಟುಹೋಗುತ್ತದೆ. ಕಾಫಿ ಬೆಳೆಯುವವರ ಮನೆಯ ಕೂಸಿಗೂ ಇದು ಗೊತ್ತು.

ರಾಜೇಶ ಹೊಳೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹೊಡೆಯುತ್ತಿದ್ದ. ಆಳು ಸಿಗದ ಕಾಲ. ಒಂದು ಸಾಲು ಮುಗಿದರೆ ಪೈಪು ಕಳಚಿ ಮುಂದಿನ ಸಾಲಿಗೆ ಹೊತ್ತು ಜೋಡಿಸಬೇಕು. ಧನ್ಯಾಳೂ ಒಂದು ತುದಿಗೆ ಹೆಗಲು ಕೊಟ್ಟಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಸೊಂಟ ಹಿಡಿದುಕೊಂಡು, ಅಡಿಗೆಮನೆಯ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅತ್ತೆ, ಬಲಗಡೆ ಕೆಳಗೆ ಹಿಡ್ಕೊಂಡಿದೆ. ಉಸ್ರು ತೆಗಿಯಕ್ಕಾಗ್ತಿಲ್ಲ."

"ಪೈಪ್ ಎತ್ತಿದ್ಯಾ?"

"ಎತ್ತಿದ್ದೆ."

"ಮತ್ತೆ? ಬಟ್ಟಿನೇ ಜಾರಿರೋದು. ಬಾ, ಮಲ್ಗು."

ಧನ್ಯಾ ಮಲಗಲಿಲ್ಲ. "ಆಗ ಆಪ್ರೇಷನ್‌ಗೆ ಮುಂಚೆನೂ ಹಿಂಗೇ ಬಂದಿತ್ತು ಅತ್ತೆ. ಡಾಕ್ಟ್ರ ಹತ್ರ ಹೋಗನ್ವಾ?"

"ಹೋಗನಂತೆ ಮಗಾ. ಮೊದ್ಲು ನಾ ನೋಡ್ತೀನಿ. ಕಮ್ಮಿ ಆಗ್ಲಿಲ್ಲ ಅಂದ್ರೆ ಹೋಗದು ಇದ್ದೇ ಇದೆ."

ದಾರ ಹಿಡಿದು ಅಳೆದಳು, ಬಲಕ್ಕೆ ಜಾರಿದೆ ಎಂದೇ ತೋರಿತು. ಎಣ್ಣೆ ಹಚ್ಚಿ ಕೈಯಿಟ್ಟಾಗ ಬಲಗಡೆ ಆಳದಲ್ಲಿ ಗಜ್ಜುಗದಷ್ಟು ಗಟ್ಟಿಯಾದದ್ದು ಏನೋ ಸಿಕ್ಕಿತು. ಒತ್ತಿದರೆ ಧನ್ಯಾ ಚಾಪೆಯ ಅಂಚನ್ನು ಕಚ್ಚುತ್ತಿದ್ದಳು. ರಂಗಮ್ಮ ಬಿಡದೆ, ಅಳುವ ಮಗುವನ್ನು ಸಮಾಧಾನ ಮಾಡುವಂತೆ ಮಾತಾಡಿಸುತ್ತ, ಸುತ್ತಿ ಸುತ್ತಿ ಒತ್ತಿದಳು. ಒಂದು ಹೊತ್ತಿನಲ್ಲಿ ಹೆಬ್ಬೆರಳ ಕೆಳಗೆ ಏನೋ ಸರಿದ ಹಾಗಾಯಿತು. ಧನ್ಯಾ ದೊಡ್ಡದಾಗಿ ಉಸಿರುಬಿಟ್ಟಳು. ಕಣ್ಣಲ್ಲಿ ನೀರು ಹಾಗೇ ಇದ್ದು ಬಾಯಿ ನಗುತ್ತಿತ್ತು. "ಹೋಯ್ತು ಅತ್ತೆ. ಎಲ್ಲಿಗ್ ಹೋಯ್ತೋ ಎಂತೋ, ಹೋಯ್ತು."

ತುಪ್ಪ ಬೆಲ್ಲ ಬಾಯಿಗಿಡುವಾಗ ರಂಗಮ್ಮನ ಎದೆ ತುಂಬಿ ಬಂತು. ಇಷ್ಟು ವರ್ಷದಲ್ಲಿ ಊರಿಗೆಲ್ಲ ಮಾಡಿದ್ದು ಮನೆಯ ಹುಡುಗಿಗೆ ಒದಗಿತಲ್ಲ ಎಂಬ ಸಂತೋಷ.

ಸಂಜೆ ನೋವು ಮತ್ತೆ ಬಂತು, ಜೊತೆಗೆ ವಾಂತಿ. ರಾಜೇಶ ಜೀಪಿನ ಬೀಗದಕೈ ಹಿಡಿದು ನಿಂತ. "ಹೊಸ್ದಾಗಿ ಕೂತ ಬಟ್ಟಿ, ಅಲುಗಾಡಿದ್ರೆ ಮತ್ತೆ ಜಾರತ್ತೆ. ಮೂರ್ ದಿನ ಹೊಳೆ ದಾಟಿಸ್ಬೇಡ ಮಾರಾಯ" ಎಂದಳು ರಂಗಮ್ಮ. ಗಂಡ ಮಂಜಯ್ಯ ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವನು, "ತೋರ್ಸಿ ಬಂದ್ರೆ ಎಂತ ಕಳ್ಕೊಳದು" ಎಂದು ಮೆಲ್ಲಗೆ ಅಂದ. "ನಿಮಗೆ ಗೊತ್ತಿಲ್ದಿದ್ದು ಸುಮ್ನಿರಿ" ಎಂದಳು. ಅವನು ಎಲೆ ಮಡಚಿ ಬಾಯಿಗಿಟ್ಟುಕೊಂಡ. ಸುಮ್ಮನಿರುವುದು ಅವನಿಗೆ ಮೊದಲಿಂದ ಬಂದ ವಿದ್ಯೆ. ಧನ್ಯಾಳೇ ಕೊನೆಗೆ, "ಅತ್ತೆ ಕೈಲಿ ಮಧ್ಯಾಹ್ನ ಕಮ್ಮಿ ಆಯ್ತಲ್ಲ ರೀ, ನೋಡನ" ಎಂದಳು. ರಂಗಮ್ಮ ಮತ್ತೆ ತಿಕ್ಕಿದಳು, ನೋವು ಮತ್ತೆ ಇಳಿಯಿತು. ಮಾರನೇ ದಿನ ಮತ್ತೆ ಬಂತು, ಮತ್ತೆ ತಿಕ್ಕಿದಳು. ಈ ಸಲ ಅರ್ಧ ಇಳಿಯಿತು. ಅದರ ಮರುದಿನ ಬೆಳಿಗ್ಗೆ ಹುಡುಗಿ ಬಚ್ಚಲಿನ ಬಾಗಿಲಲ್ಲಿ ಕುಸಿದಳು. ಮುಟ್ಟಿದರೆ ಮೈ ಕಾದಿತ್ತು.

ರಂಗಮ್ಮ ಕೂಗಿದ್ದು ತೋಟದ ತನಕ ಕೇಳಿತು. ರಾಜೇಶ ಆಗಷ್ಟೇ ತೋಟದ ಹೊಳೆಬದಿಯ ಪಟ್ಟಿಗೆ ಸ್ಪ್ರಿಂಕ್ಲರ್ ತಿರುಗಿಸಿದ್ದ. ಪಂಪ್ ಆರಿಸಿ ಓಡಿಬಂದು, ಹೆಂಡತಿಯನ್ನು ಎತ್ತಿ ಜೀಪಿನಲ್ಲಿ ಮಲಗಿಸಿದ. ರಂಗಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಜೀಪು ಸೇತುವೆ ಹತ್ತಿದಾಗ, ಇನ್ನೂ ಮೂರು ದಿನ ತುಂಬಿಲ್ಲವಲ್ಲ ಎಂದು ಅವಳ ಮನಸ್ಸು ಹೊಯ್ದಾಡಿತು. ಕೆಳಗೆ ಹೊಳೆ ಮೊಣಕಾಲುದ್ದವೂ ಇರಲಿಲ್ಲ. ಆ ಹೊತ್ತಿನಲ್ಲೂ ತಾನು ಹೆದರಿದ್ದು ಆ ನೀರಿಗೆ ಎಂಬುದನ್ನು ರಂಗಮ್ಮ ಆಮೇಲೆ ಎಷ್ಟು ಸಲ ನೆನೆಸಿಕೊಂಡು ತನ್ನನ್ನೇ ಶಪಿಸಿಕೊಂಡಳೋ ಲೆಕ್ಕವಿಲ್ಲ.

ಮೂಡಿಗೆರೆಯಲ್ಲಿ ನೋಡಿದವರು ಒಳಗೂ ಸೇರಿಸಿಕೊಳ್ಳದೆ ಚಿಕ್ಕಮಗಳೂರಿಗೆ ಓಡಿಸಿದರು. ಅಲ್ಲಿ ಡಾಕ್ಟರ್ ರಂಜನಾ ಎಂಬಾಕೆ ಸ್ಕ್ಯಾನ್ ನೋಡಿ ಆ ಕೂಡಲೇ ಆಪರೇಷನ್‌ಗೆ ಕರೆದೊಯ್ದರು. ಹೊರಗೆ ಬಂದಾಗ ಅವರ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ತಾಯಿ ಮಗ ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ಅಂಡಾಶಯ ಅದರ ತೊಟ್ಟಿನ ಮೇಲೆ ತಿರುಚಿಕೊಂಡಿತ್ತು. ಬಟ್ಟೆ ಹಿಂಡಿದ ಹಾಗೆ. ರಕ್ತ ಹೋಗೋ ದಾರಿನೇ ಮುಚ್ಚಿ ಹೋಗಿ ಕಪ್ಪಾಗಿತ್ತು. ಇರೋದೇ ಒಂದು ಅಂತ ತೆಗೀಲಿಲ್ಲ. ತಿರುಚಿದ್ದು ಬಿಡಿಸಿ, ಕಾದು ನೋಡಿ, ಒಳಗೇ ಬಿಟ್ಟಿದ್ದೀನಿ. ಸ್ವಲ್ಪ ಬಣ್ಣ ಬಂದಿದೆ."

"ರಕ್ತ ಬಂತು ಅಂದ್ರೆ ಉಳೀತು ಅಲ್ವಾ ಡಾಕ್ಟ್ರೇ?" ರಂಗಮ್ಮ ಕೈ ಮುಗಿದುಕೊಂಡೇ ಕೇಳಿದಳು.

"ಅಷ್ಟು ಸುಲಭ ಇದ್ದಿದ್ರೆ ಚೆನ್ನಾಗಿತ್ತಮ್ಮ. ರಕ್ತ ಇಲ್ಲದೆ ಇದ್ದಾಗ ಆಗೋ ಹಾನಿ ಒಂದು. ನಿಂತಿದ್ದ ರಕ್ತ ಒಮ್ಮೆಲೇ ವಾಪಸ್ ನುಗ್ಗಿದಾಗ ಆಗೋ ಹಾನಿ ಇನ್ನೊಂದು. ಹಸಿದು ಬಾಡಿದ ಜಾಗಕ್ಕೆ ರಕ್ತ ಬಂದ ಕೂಡಲೇ ಅಲ್ಲಿ ವಿಷದಂಥದ್ದು ಹುಟ್ಟುತ್ತೆ, ಉರಿ ಏಳುತ್ತೆ. ಉಳಿದಿರೋ ಮೊಟ್ಟೆಗಳು ಅದರಲ್ಲೇ ಎಷ್ಟೋ ಸಾಯ್ತವೆ."

ರಾಜೇಶನಿಗೆ ಅರ್ಥವಾಗಲಿಲ್ಲ. ಬದುಕಿಸಬೇಕಾದ ರಕ್ತ ಕೊಲ್ಲುವುದು ಹೇಗೆ ಎಂದು ಅವನು ಡಾಕ್ಟರ ಮುಖವನ್ನೇ ನೋಡುತ್ತಿದ್ದ. ರಂಗಮ್ಮನಿಗೆ ತಟ್ಟನೆ ಅರ್ಥವಾಯಿತು. ಒಣಗಿ ನಿಂತ ಮೊಗ್ಗಿಗೆ ಬಿದ್ದ ಅರೆಮಳೆ ಅವಳ ಕಣ್ಣಮುಂದೆ ಬಂತು.

"ಹೂ ಸುಡದ ಹಾಗೆ ನಾವು ಬ್ಯಾಕಿಂಗ್ ಕೊಡ್ತೀವಿ. ಹಂಗೆ ಇದಕ್ಕೂ ಎಂತಾದ್ರೂ ಇರ್ಬೇಕಲ್ಲ? ಕಾಯಕ್ಕೆ? ಎಂತ ಔಷಧಿ ಆದ್ರೂ ಆಗ್ಲಿ, ಎಲ್ಲಿಂದಾದ್ರೂ ತರ್ಸಿ."

ಡಾಕ್ಟರ್ ರಂಜನಾ ತಲೆ ಅಲ್ಲಾಡಿಸಿದರು. "ಹುಡುಕ್ತಾ ಇದ್ದಾರೆ. ಇಲಿಗಳಿಗೆ ಕೊಟ್ಟು ನೋಡ್ತಿದ್ದಾರೆ, ಕೆಲವು ಔಷಧಿ ಅವುಗಳಲ್ಲಿ ಕೆಲಸ ಮಾಡಿದೆ. ಇದು ಕೊಟ್ರೆ ಉಳಿಯುತ್ತೆ ಅಂತ ಧೈರ್ಯವಾಗಿ ಹೆಂಗಸರಿಗೆ ಕೊಡೋವಂಥದ್ದು ಇನ್ನೂ ನನ್ನ ಕೈಯಲ್ಲಿಲ್ಲ. ಈಗಿರೋ ಕಾವಲು ಒಂದೇ, ಬೇಗ ಬರೋದು. ನೋವು ಯಾವಾಗ ಶುರುವಾಯ್ತು?"

ರಾಜೇಶ ತಾಯಿಯ ಕಡೆ ನೋಡಲಿಲ್ಲ. ನೋಡದಿರಲು ಅವನು ಪಡುತ್ತಿದ್ದ ಕಷ್ಟ ರಂಗಮ್ಮನಿಗೆ ಕಂಡಿತು.

"ಮೊನ್ನೆ ಮಧ್ಯಾಹ್ನ" ಎಂದಳು ಅವಳೇ.

"ಒಂದೇ ಸಮ ಇತ್ತಾ, ಬಂದು ಹೋಗಿ ಮಾಡ್ತಿತ್ತಾ?"

"ಬರ್ತಿತ್ತು. ಕಮ್ಮಿ ಆಗ್ತಿತ್ತು. ಮತ್ತೆ ಬರ್ತಿತ್ತು."

"ಹಾಗಾದ್ರೆ ತಿರುಚಿ, ತಾನೇ ಬಿಚ್ಚಿ, ಮತ್ತೆ ತಿರುಚಿ ಇದ್ದಿರಬಹುದು. ಒಂದೊಂದು ಸಲ ರಕ್ತ ಹೋಗಿ ಬಂದಾಗಲೂ ಒಂದೊಂದು ಪೆಟ್ಟು."

ರಂಗಮ್ಮ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. "ಹೊಟ್ಟೆ ತಿಕ್ಕಿದ್ರೆ ಬಿಚ್ಚತ್ತಾ ಡಾಕ್ಟ್ರೇ?"

ಡಾಕ್ಟರ್ ಅವಳನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಮಲೆನಾಡಿನಲ್ಲಿ ಬೆಳೆದವರು, ಕೇಳಬೇಕಾದ್ದೇನೂ ಉಳಿದಿರಲಿಲ್ಲ. "ಹೇಳಕ್ಕಾಗಲ್ಲ. ಬಿಚ್ಚಿದ್ರೂ ಬಿಚ್ಚಿರಬಹುದು, ಇನ್ನಷ್ಟು ತಿರುಚಿದ್ರೂ ತಿರುಚಿರಬಹುದು. ಮುಂದೆ ಯಾರಿಗೂ ಮಾಡ್ಬೇಡಿ" ಎಂದು ಎದ್ದು ಹೋದರು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ರಾಜೇಶ ಬೈಯಲಿಲ್ಲ, ಮಂಜಯ್ಯ ಆ ಮಾತನ್ನೇ ಎತ್ತಲಿಲ್ಲ. ಓಡಿಬಂದ ಧನ್ಯಾಳ ತಾಯಿ ಬಾಯಿ ತೆರೆಯುವ ಮುಂಚೆ ಧನ್ಯಾಳೇ, "ಅತ್ತೆ ಇಲ್ದಿದ್ರೆ ಆ ನೋವಲ್ಲಿ ನಾನು ಉಳೀತಿರ್ಲಿಲ್ಲ ಅಮ್ಮ" ಎಂದುಬಿಟ್ಟಳು. ಅವಳು ಅದನ್ನು ನಿಜವಾಗಿ ನಂಬಿದ್ದಳು. ರಂಗಮ್ಮ ಆಸ್ಪತ್ರೆಯ ನಲ್ಲಿಯ ಕೆಳಗೆ ಕೈ ಹಿಡಿದು ಸೋಪು ಹಚ್ಚಿ ತೊಳೆದಳು. ಹರಳೆಣ್ಣೆಯ ವಾಸನೆ ಹೋಗಲಿಲ್ಲ, ಅಥವಾ ಹೋಗಿಲ್ಲ ಎಂದು ಅವಳಿಗನ್ನಿಸಿತು.

ಮನೆಗೆ ಬರುವಷ್ಟರಲ್ಲಿ ತೋಟ ಹೂವಾಗಿತ್ತು. ನೀರು ಸರಿಯಾಗಿ ಬಿದ್ದ ಕಡೆಯೆಲ್ಲ ಗಿಡ ಬೆಳ್ಳಗೆ, ಮನೆಯೊಳಗಿನ ತನಕ ಘಮ. ರಾಜೇಶ ಪಂಪ್ ಆರಿಸಿ ಓಡಿದ ಹೊಳೆಬದಿಯ ಪಟ್ಟಿಯಲ್ಲಿ ಮಾತ್ರ ಮೊಗ್ಗು ಗಿಡ್ಡಗೆ ಬಿರಿದು, ಕೆಂಪಗೆ ಕಂದಿ, ಮುಟ್ಟಿದರೆ ಉದುರುತ್ತಿತ್ತು. ರಂಗಮ್ಮ ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟಳು.

ಬಟ್ಟಿ ಕೂರಿಸುವುದನ್ನೂ ಬಿಟ್ಟಳು. ಪಕ್ಕದ ಮನೆಯ ತಿಮ್ಮಮ್ಮ ಮಗಳನ್ನು ಕರೆದುಕೊಂಡು ಬಂದರೆ ಚಾಪೆ ಹಾಸಲಿಲ್ಲ. "ಹೊಳೆ ದಾಟಿ ಆಸ್ಪತ್ರೆಗ್ ಹೋಗು. ಈಗ್ಲೇ ಹೋಗು" ಎಂದಳು. ತಿಮ್ಮಮ್ಮನ ಮಗಳಿಗೆ ಆಗಿದ್ದು ಬರೀ ಅಜೀರ್ಣ, ಆಸ್ಪತ್ರೆಗೆ ಹೋದದ್ದು ದಂಡ. ಸೊಸೆಗೆ ಮಾಡಿದ ಕೈ ನಮಗಾಗಲಿಲ್ಲ, ಏನು ದೊಡ್ಡಸ್ತಿಕೆ ಎಂದು ಅವಳು ನಾಲ್ಕು ಜನರ ಹತ್ತಿರ ಹೇಳಿದಳು. ರಂಗಮ್ಮನಿಗೆ ಅದು ತಟ್ಟಲೇ ಇಲ್ಲ. ಅವಳ ಜೀವವೆಲ್ಲ ಒಂದೇ ಕಡೆ ಇತ್ತು. ಧನ್ಯಾ ಪ್ರತಿ ತಿಂಗಳು ಹೊರಗಾಗುತ್ತಾಳೋ ಇಲ್ಲವೋ ಎಂದು ಬಚ್ಚಲ ಹಗ್ಗದ ಮೇಲಿನ ಬಟ್ಟೆಯನ್ನು ಕಳ್ಳಿಯಂತೆ ನೋಡುವುದು.

ಏಪ್ರಿಲ್ ಬರಿದೇ ಹೋಯಿತು. ಮೇ ತಿಂಗಳಲ್ಲಿ ಆಯಿತು. ರಂಗಮ್ಮ ಹೊರನಾಡಿನ ಅಮ್ಮನಿಗೆ ಅಕ್ಕಿ ಮುಡಿಪು ಕಟ್ಟಿ, ಅವತ್ತು ಕಾರಣ ಹೇಳದೆ ಹೋಳಿಗೆ ಮಾಡಿದಳು. ಅದರ ಬೆನ್ನಲ್ಲೇ ಚಿಕ್ಕಮಗಳೂರಿಗೆ ತೋರಿಸಲು ಹೋದರು. ಸ್ಕ್ಯಾನ್‌ನಲ್ಲಿ ರಕ್ತ ಹರಿಯುವುದು ಕಾಣುತ್ತಿದೆ, ಆದರೆ ಅಂಡಾಶಯದ ಗಾತ್ರ ಕುಗ್ಗಿದೆ, ರಕ್ತ ಪರೀಕ್ಷೆಯೊಂದನ್ನು ಮಾಡಿಸಿ, ಮಳೆಗಾಲ ಮುಗಿದ ಮೇಲೆ ಮತ್ತೆ ಬನ್ನಿ ಎಂದರು ಡಾಕ್ಟರ್. 'ರಕ್ತ ಹರಿಯುತ್ತಿದೆ' ಎಂಬುದನ್ನು ಮನೆಯವರೆಲ್ಲ ಕೇಳಿಸಿಕೊಂಡರು. 'ಕುಗ್ಗಿದೆ' ಎಂಬುದನ್ನು ರಂಗಮ್ಮ ಒಬ್ಬಳೇ ಕೇಳಿಸಿಕೊಂಡಳು. ಜೂನ್, ಜುಲೈನಲ್ಲಿ ಚೂರು ಪಾರು ಆಯಿತು. ಆಮೇಲೆ ಹಗ್ಗದ ಮೇಲೆ ಬಟ್ಟೆ ಕಾಣಲಿಲ್ಲ. ಬಿಡದ ಮಳೆ, ಆಮೇಲೆ ಹಬ್ಬ, ಆಮೇಲೆ ಕೊಯ್ಲು. ಆಸ್ಪತ್ರೆಗೆ ಹೋಗುವ ಮಾತು ಬಂದಾಗೆಲ್ಲ ಧನ್ಯಾಳೇ, "ಚೆನ್ನಾಗಿದೀನಲ್ಲ ಅತ್ತೆ" ಎಂದು ಮುಂದೂಡುತ್ತಿದ್ದಳು. ರಂಗಮ್ಮನೂ ಒತ್ತಾಯ ಮಾಡಲಿಲ್ಲ. ಕೇಳಲು ಧೈರ್ಯವಿಲ್ಲದವಳು ಕೇಳುವುದು ಬೇಡ ಎಂದು ಸುಮ್ಮನಿದ್ದಳು.

ಡಿಸೆಂಬರ್‌ನ ಒಂದು ಬೆಳಿಗ್ಗೆ ಕಣದಲ್ಲಿ ಅತ್ತೆ ಸೊಸೆ ಹಲಗೆ ಹಿಡಿದು ಕಾಫಿ ಹಣ್ಣು ಹರವುತ್ತಿದ್ದರು. ಇಬ್ಬನಿ ಇನ್ನೂ ಆರಿರಲಿಲ್ಲ. ಮಂಜಯ್ಯ ಮಂಕಿ ಟೋಪಿಯಲ್ಲಿ ಮುಖ ಹುದುಗಿಸಿಕೊಂಡು ಬೆಂಕಿ ಕಾಯಿಸುತ್ತಿದ್ದ, ರಂಗಮ್ಮ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು ಹೊದ್ದಿದ್ದಳು. ಧನ್ಯಾ ಹಲಗೆ ಕೆಳಗಿಟ್ಟು ನೆಟ್ಟಗೆ ನಿಂತಳು. ಅವಳ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತು. ಮೇಲುತುಟಿಯ ಮೇಲೆ ಬೆವರು ಮೂಡಿತು. ಅವಸರದಲ್ಲಿ ಸ್ವೆಟರ್ ಕಳಚಿ ಗೋಡೆಯ ಮೇಲೆ ಎಸೆದು ಸೆರಗಿನಿಂದ ಗಾಳಿ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಚಳಿ ಹತ್ತಿ ಮತ್ತೆ ಸ್ವೆಟರ್ ಹಾಕಿಕೊಂಡಳು.

ರಂಗಮ್ಮನ ಕೈಯಲ್ಲಿದ್ದ ಹಲಗೆ ನಿಂತಿತು. ಐದಾರು ವರ್ಷದ ಹಿಂದೆ, ತನ್ನ ಮುಟ್ಟು ನಿಲ್ಲುವ ಕಾಲದಲ್ಲಿ, ಇದೇ ಕಣದಲ್ಲಿ ಇದೇ ಚಳಿಯಲ್ಲಿ ಅವಳೂ ಹೀಗೇ ಶಾಲು ಕಿತ್ತೆಸೆದು ನಿಂತಿದ್ದಳು. ಎದೆಯಿಂದ ಎದ್ದು ಕಿವಿಯ ತುದಿಗೆ ಹೋಗುವ ಆ ಬಿಸಿ, ಅದರ ಹಿಂದೆಯೇ ಬರುವ ನಡುಕ, ಇದಕ್ಕೆ ಯಾವ ಸ್ಕ್ಯಾನೂ ಬೇಕಾಗಿರಲಿಲ್ಲ. ಐವತ್ತರಲ್ಲಿ ತನಗೆ ಬಂದದ್ದು ಇಪ್ಪತ್ತೇಳರ ಹುಡುಗಿಗೆ ಬಂದಿದೆ. ಉಳಿದಿದ್ದ ಒಂದೂ ಹೋಗಿದೆ.

ಧನ್ಯಾ ಹತ್ತಿರ ಬಂದಳು. ಮಾವನಿಗೆ ಕೇಳದ ಹಾಗೆ ದನಿ ತಗ್ಗಿಸಿದಳು. ಮುಖದಲ್ಲಿ ಎಂದೂ ಇಲ್ಲದ ಕಳೆಯಿತ್ತು.

"ಅತ್ತೆ, ನಿಮಗೊಬ್ರಿಗೇ ಹೇಳ್ತೀನಿ. ಇವ್ರಿಗೂ ಹೇಳಿಲ್ಲ. ಹಬ್ಬಕ್ಕಿಂತ ಮುಂಚೆ ನಿಂತಿದ್ದು ಇನ್ನೂ ಆಗಿಲ್ಲ."

ರಂಗಮ್ಮ ಬಗ್ಗಿ ಹಣ್ಣಿನ ನಡುವಿನ ಎಲೆಯೊಂದನ್ನು ಹೆಕ್ಕಿ ಆಚೆ ಹಾಕಿದಳು.

"ಒಳಗಿಂದ ಬಿಸಿ ಬರತ್ತೆ ಅತ್ತೆ, ಹೊತ್ತಿಲ್ಲ ಗೊತ್ತಿಲ್ಲ. ನಿದ್ದೆ ಇಲ್ಲ. ಕಾಫಿ ವಾಸ್ನೆ ಕಂಡ್ರೆ ಒಂಥರಾ. ಬಸುರಲ್ಲಿ ಹಿಂಗೆಲ್ಲ ಆಗತ್ತಂತಲ್ಲ? ನಿಮಗಾಗಿತ್ತಾ?"

"ಆಗಿತ್ತು" ಎಂದಳು ರಂಗಮ್ಮ. ಯಾವಾಗ ಆಗಿತ್ತು ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಮೂಡಿಗೆರೆ ಮೆಡಿಕಲ್‌ನಲ್ಲಿ ಬಸುರು ನೋಡೋ ಕಡ್ಡಿ ಸಿಗತ್ತೆ. ಆದ್ರೆ ಅಂಗ್ಡಿಯವ್ನಿಗೆ ಗೊತ್ತಾದ್ರೆ ಊರಿಗೆಲ್ಲ ಗೊತ್ತಾದ ಹಂಗೇ. ಇನ್ನೊಂದ್ ಸ್ವಲ್ಪ ದಿನ ನೋಡನ ಅಂತ."

ಇನ್ನೊಂದ್ ಸ್ವಲ್ಪ ದಿನ. ಹುಡುಗಿ ಇನ್ನೊಂದಿಷ್ಟು ದಿನ ಈ ಕಳೆಯಲ್ಲೇ ಓಡಾಡಿಕೊಂಡಿರಲಿ ಎಂದು ರಂಗಮ್ಮನ ಒಂದು ಮನಸ್ಸು ಅಂಗಲಾಚಿತು. ಸುಮ್ಮನಿದ್ದರೆ ಸಾಕಿತ್ತು. ಆದರೆ ಈ ಹೊಟ್ಟೆಯ ವಿಷಯದಲ್ಲಿ ಕಾಯಿಸುವುದನ್ನು ಅವಳು ಒಂದು ಸಲ ಮಾಡಿ ಮುಗಿಸಿದ್ದಳು.

"ಬೇಡ ಮಗಾ. ಇವತ್ತೇ ಹೋಗನ. ಡಾಕ್ಟ್ರ ಹತ್ರನೇ ಹೋಗನ."

"ಕೊಯ್ಲು ಅರ್ಧಕ್ಕೇ ಬಿಟ್ಟಾ?"

"ಅರ್ಧಕ್ಕೇ ಬಿಟ್ಟು."

ಧನ್ಯಾ ನಕ್ಕಳು. ಅತ್ತೆಗೆ ಅವಸರ ಯಾಕೆ ಎಂದು ತನಗೆ ತಿಳಿಯಿತು ಎಂದುಕೊಂಡಳು. ಮದುವೆಯ ಹೊಸತರಲ್ಲಿ ಅತ್ತೆ ಕೊಡಿಸಿದ ಹಸಿರು ಸೀರೆ ಉಟ್ಟು, ಮಲ್ಲಿಗೆ ಇಲ್ಲದ ಕಾಲವೆಂದು ಅಂಗಳದ ಸೇವಂತಿಗೆ ಮುಡಿದು ಬಂದಳು. ಏನು ವಿಷಯ ಎಂದು ರಾಜೇಶ ಕೇಳಿದ್ದಕ್ಕೆ, "ಸುಮ್ನೆ, ತೋರ್ಸಕ್ಕೆ" ಎಂದು ಹೇಳಿ ಅತ್ತೆಯ ಕಡೆ ಕಳ್ಳನಗೆ ನಕ್ಕಳು. ರಂಗಮ್ಮ ಆ ನಗೆಯನ್ನು ವಾಪಸ್ ಕೊಡಬೇಕಾಯಿತು. ಅವಳ ಆಯುಷ್ಯದಲ್ಲಿ ಅದಕ್ಕಿಂತ ಭಾರವಾದದ್ದನ್ನು ಅವಳು ಎತ್ತಿರಲಿಲ್ಲ.

ಜೀಪು ಇಳಿಜಾರು ಇಳಿದು ಹೊಳೆಯ ಹತ್ತಿರ ಬಂತು. ಸೇತುವೆಯ ಕುಲುಕಾಟಕ್ಕೆ ಧನ್ಯಾ ಕೆಳಹೊಟ್ಟೆಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದುಕೊಂಡಳು. ಆಮೇಲೆ ಏನೋ ನೆನಪಾದವಳಂತೆ, ಮಡಿಲಲ್ಲಿ ಮಡಚಿಟ್ಟುಕೊಂಡಿದ್ದ ರಂಗಮ್ಮನ ಬಲಗೈಯನ್ನು ಹುಡುಕಿ ತೆಗೆದು, ಸೆರಗಿನ ಮರೆಯಲ್ಲಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ರಂಗಮ್ಮ ಅಲ್ಲಿ ಕೈಯಿಟ್ಟಿರಲಿಲ್ಲ.

"ಇಲ್ಲೇ ಇರ್ಲಿ ಅತ್ತೆ" ಎಂದಳು ಧನ್ಯಾ. "ನಿಮ್ ಕೈ ಇದ್ರೆ ಧೈರ್ಯ."

ರಂಗಮ್ಮ ಕೈ ತೆಗೆಯಲಿಲ್ಲ. ಚಿಕ್ಕಮಗಳೂರು ಬರುವ ತನಕ ತೆಗೆಯಲಿಲ್ಲ.